ಮೊದಲ ಸ್ವಂತ ಸ್ಕೀ: ನಿಮ್ಮ ಬೆಟ್ಟದ ಹಿಮ ನೋಡಿ ಕೊಳ್ಳಿ

ಎರಡು ಮೂರು ಚಳಿಗಾಲ ಬಾಡಿಗೆ ಸ್ಕೀಗಳ ಮೇಲೆ ಬಿದ್ದು ಎದ್ದು ಕಲಿತವರಿಗೆ ಒಂದು ಹಂತದಲ್ಲಿ ನಮ್ಮದೇ ಒಂದು ಜೋಡಿ ಇರಲಿ ಅನ್ನಿಸಲು ಶುರುವಾಗುತ್ತದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡದ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಈ ಮಾತು ಏಳುತ್ತದೆ. ಶುಕ್ರವಾರ ಸಂಜೆ ಕೆಲಸ ಮುಗಿಸಿ, ಹೆದ್ದಾರಿ 80 ಅಥವಾ 50 ಹಿಡಿದರೆ, ರಸ್ತೆ ತೆರವಿದ್ದಾಗ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಟಾಹೊ ಸರೋವರದ ಸುತ್ತಲಿನ ಬೆಟ್ಟಗಳು ಸಿಗುತ್ತವೆ. ಆದರೆ ಶನಿವಾರ ಬೆಳಗಿನ ಒಳ್ಳೆಯ ಹೊತ್ತೆಲ್ಲ ಬಾಡಿಗೆ ಅಂಗಡಿಯ ಸಾಲಿನಲ್ಲಿ ಕಳೆದುಹೋಗುತ್ತದೆ. ಕೊನೆಗೆ ಕೈಗೆ ಬಂದ ಸ್ಕೀಯ ಅಂಚು ಮೊಂಡಾಗಿರುತ್ತದೆ, ಬೂಟಿನೊಳಗೆ ಪಾದ ಅಲ್ಲಾಡುತ್ತಿರುತ್ತದೆ. ಸ್ವಂತ ಸಾಮಾನಿನ ಆಸೆ ಹುಟ್ಟುವುದು ಇಲ್ಲೇ. ನ್ಯಾಯವಾದ ಆಸೆಯೇ ಅದು.

ತೊಡಕು ಎದುರಾಗುವುದು ಅಂಗಡಿಯ ಗೋಡೆಯ ಮುಂದೆ ನಿಂತಾಗ. ‘ಆಲ್-ಮೌಂಟನ್’ ಎಂಬ ಹಣೆಪಟ್ಟಿ 80 ಮಿಲಿಮೀಟರ್ ಅಗಲದ ಸ್ಕೀಗೂ ಇದೆ, 100 ದಾಟಿದ್ದಕ್ಕೂ ಇದೆ. ಯಂತ್ರ ಓಡಿಸಿ ಸಮ ಮಾಡಿದ ಇಳಿಜಾರು, ಅದರ ಬದಿಯ ಕೆದರಿದ ಹಿಮ, ಮರಗಳ ನಡುವಿನ ಜಾಗ, ಹೊಸ ಹಿಮ ಬಿದ್ದ ದಿನ ಎಲ್ಲಕ್ಕೂ ಒಂದೇ ಜೋಡಿ ಸಾಕು ಎಂಬುದು ಈ ವರ್ಗದ ಭರವಸೆ. ತಕ್ಕಮಟ್ಟಿಗೆ ಅದು ನಿಜವೂ ಹೌದು. ಆದರೆ ಪ್ರತಿಯೊಂದು ಸ್ಕೀಯೂ ಒಂದಲ್ಲ ಒಂದು ಕಡೆಗೆ ವಾಲಿರುತ್ತದೆ, ಆ ವಾಲು ನಿಮ್ಮ ಮಾಮೂಲಿ ದಿನಗಳ ಕಡೆಗಿರಬೇಕು. ವರ್ಷಕ್ಕೊಮ್ಮೆ ಬರುವ ಮೊಣಕಾಲುದ್ದ ಹಿಮದ ದಿನವನ್ನೋ, ಯೂಟ್ಯೂಬಿನಲ್ಲಿ ಕಂಡ ಅಲಾಸ್ಕಾದ ಬೆಟ್ಟವನ್ನೋ ಮನಸ್ಸಿನಲ್ಲಿಟ್ಟುಕೊಂಡು ಕೊಂಡ ಸ್ಕೀ, ಉಳಿದೆಲ್ಲ ದಿನ ಕಾಲಿಗೆ ಭಾರ.

ಮೊದಲು, ಕೊಳ್ಳುವ ಕಾಲ ಬಂದಿದೆಯೇ ಎಂದು ನೋಡಿಕೊಳ್ಳಿ. ಅಮೆರಿಕದ ಬೆಟ್ಟಗಳಲ್ಲಿ ಸುಲಭದ ಇಳಿಜಾರಿಗೆ ಹಸಿರು, ನಡುಮಟ್ಟದ್ದಕ್ಕೆ ನೀಲಿ, ಕಷ್ಟದ್ದಕ್ಕೆ ಕಪ್ಪು ಗುರುತು. ಹಸಿರಿನಲ್ಲಿ ಇನ್ನೂ ಸ್ಕೀಗಳ ಮೂತಿ ಕೂಡಿಸಿ ವೇಗ ತಡೆಯುತ್ತಿದ್ದರೆ ಇನ್ನೊಂದು ಚಳಿಗಾಲ ಬಾಡಿಗೆಯಲ್ಲೇ ಇರಿ. ಈ ಹಂತದಲ್ಲಿ ಕೌಶಲ ಬೇಗ ಬೆಳೆಯುತ್ತದೆ. ಈಗ ಹೊಂದುವ ಸ್ಕೀ ವರ್ಷದೊಳಗೆ ಸಾಲದಾಗುತ್ತದೆ. ನೀಲಿ ಇಳಿಜಾರಿನಲ್ಲಿ ಎರಡೂ ಸ್ಕೀ ಬಹುಮಟ್ಟಿಗೆ ಸಮಾನಾಂತರವಾಗಿ ತಿರುಗುತ್ತಿವೆ, ಕಪ್ಪಿನ ಕಡೆ ಆಗೊಮ್ಮೆ ಈಗೊಮ್ಮೆ ಕಣ್ಣು ಹಾಯುತ್ತಿದೆ ಎಂದಾದರೆ ಕೊಳ್ಳಬಹುದು. ವರ್ಷಕ್ಕೆ ಒಂದೇ ವಾರಾಂತ್ಯ ಹೋಗುವವರಿಗೆ ಮಾತ್ರ ಸ್ವಂತದ್ದು ಲೆಕ್ಕಕ್ಕೆ ಬರುವುದಿಲ್ಲ. ನಡುವೆ ಇರುವವರಿಗೆ ಇಡೀ ಋತುವಿನ ಬಾಡಿಗೆ ಎಂಬ ದಾರಿಯಿದೆ. ಊರಿನ ಅಂಗಡಿಯಲ್ಲಿ ನವೆಂಬರಿನಲ್ಲಿ ತಂದು ವಸಂತದಲ್ಲಿ ಹಿಂದಿರುಗಿಸುವುದು. ಬೆಳೆಯುವ ಮಕ್ಕಳಿಗಂತೂ ಇದೇ ಸರಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಲುವಂತಿದ್ದರೆ ಬೂಟು ಕೊಳ್ಳಿ, ಸ್ಕೀ ಬಾಡಿಗೆಗೆ ತನ್ನಿ. ನಿಮ್ಮ ಮೊಣಕಾಲು ಹೇಳಿದ್ದು ಸ್ಕೀಯ ಅಂಚಿಗೆ ತಲುಪುವುದು ಬೂಟಿನ ಮೂಲಕವೇ. ಪಾದ ಒಳಗೆ ಜಾರಿದರೆ ಸಾವಿರ ಡಾಲರಿನ ಸ್ಕೀಯೂ ಮಾತು ಕೇಳುವುದಿಲ್ಲ. ಸ್ಕೀ ಬೂಟಿನ ಅಳತೆ ಸೆಂಟಿಮೀಟರಿನಲ್ಲಿ ಇರುತ್ತದೆ. ಪಾದದ ಉದ್ದ 26.5 ಸೆಂ.ಮೀ. ಇದ್ದರೆ ಬೂಟೂ 26.5. ದಿನನಿತ್ಯದ ಶೂ ಲೆಕ್ಕ ಹಿಡಿದು ಹೋದವರು ಬಹುಪಾಲು ದೊಡ್ಡದನ್ನೇ ತರುತ್ತಾರೆ.

ಒಳ್ಳೆಯ ಬೂಟ್ ಫಿಟ್ಟರ್ ಏನು ಮಾಡುತ್ತಾರೆಂದು ಗಮನಿಸಿ. ಮೊದಲು ಬರಿಗಾಲಿನ ಉದ್ದ, ಅಗಲ, ಮೀನಖಂಡದ ದಪ್ಪ ಅಳೆಯುತ್ತಾರೆ. ಆಮೇಲೆ ಬೂಟಿನ ಒಳಮೆತ್ತೆಯನ್ನು ಪೂರ್ತಿ ಹೊರಗೆಳೆದು ಬರೀ ಪ್ಲಾಸ್ಟಿಕ್ ಚಿಪ್ಪಿನೊಳಗೆ ನಿಮ್ಮ ಕಾಲಿಡಿಸುತ್ತಾರೆ. ಬೆರಳು ಮುಂದಕ್ಕೆ ಮುಟ್ಟಿದಾಗ ಹಿಮ್ಮಡಿಯ ಹಿಂದೆ ಉಳಿಯುವ ಜಾಗ ಒಂದೂವರೆಯಿಂದ ಎರಡು ಸೆಂ.ಮೀ. ಇದ್ದರೆ ಉದ್ದ ಸರಿ. ಮೆತ್ತೆ ವಾಪಸು ಹಾಕಿ ಬಕಲ್ ಬಿಗಿದು ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ತಾಗಬೇಕು. ಮೊಣಕಾಲು ಬಗ್ಗಿಸಿದೊಡನೆ ಅದು ಚೂರು ಹಿಂದೆ ಸರಿಯಬೇಕು. ಹೊಸಬರಿಗೆ ಇದು ಇರುಕು ಅನ್ನಿಸುತ್ತದೆ. ಕೆಲವು ದಿನ ಹಾಕಿಕೊಂಡ ಮೇಲೆ ಮೆತ್ತೆ ಒತ್ತಿಕೊಂಡು ಸಡಿಲವಾಗುವುದರಿಂದ ಅಂಗಡಿಯಲ್ಲಿ ಆರಾಮೆನಿಸಿದ ಬೂಟು ಆಮೇಲೆ ದೊಡ್ಡದಾಗುತ್ತದೆ. ಹಾಗಂತ ಪಾದ ಜೋಮು ಹಿಡಿದರೆ, ಒಂದೇ ಕಡೆ ಚುಚ್ಚಿದರೆ ಸುಮ್ಮನಿರಬೇಡಿ; ಚಿಪ್ಪನ್ನು ಆ ಜಾಗದಲ್ಲಿ ಬಿಸಿ ಮಾಡಿ ಉಬ್ಬಿಸಿಕೊಡಲು ಬರುತ್ತದೆ. ತೆಳು ಕಾಲುಚೀಲ ಒಂದೇ ಸಾಕು. ಅರ್ಧ ಗಂಟೆಯಾದರೂ ಹಾಕಿಕೊಂಡು ಅಂಗಡಿಯಲ್ಲೇ ಓಡಾಡಿ.

ಬೂಟಿನ ಗಡಸುತನಕ್ಕೂ ಒಂದು ಸಂಖ್ಯೆಯಿದೆ, ಫ್ಲೆಕ್ಸ್ ಅನ್ನುತ್ತಾರೆ. ನಡುಮಟ್ಟದ ಗಂಡಸರಿಗೆ 90ರಿಂದ 100, ಹೆಂಗಸರಿಗೆ 75ರಿಂದ 90 ಸಾಮಾನ್ಯವಾಗಿ ಹೊಂದುತ್ತದೆ. ಮೈಭಾರ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಮೇಲೆ. ಒಂದು ಕಂಪನಿಯ 100 ಇನ್ನೊಂದರ 100ಕ್ಕೆ ಸಮ ಇರುವುದಿಲ್ಲವಾದ್ದರಿಂದ ಸಂಖ್ಯೆಗಿಂತ ನಿಮ್ಮ ಮೊಣಕಾಲನ್ನು ನಂಬಿ.

ಈಗ ಸ್ಕೀಗೆ ಬರೋಣ. ಮೇಲ್ಮೈಯಲ್ಲೋ ಹಿಂತುದಿಯ ಬಳಿಯೋ ಸಣ್ಣ ಅಕ್ಷರದಲ್ಲಿ 128-88-110 ಎಂಬಂಥ ಮೂರು ಸಂಖ್ಯೆಗಳಿರುತ್ತವೆ. ಮುಂತುದಿ, ನಡು, ಹಿಂತುದಿಗಳ ಅಗಲ ಅವು, ಮಿಲಿಮೀಟರಿನಲ್ಲಿ. ನೀವು ಮೊದಲು ನೋಡಬೇಕಾದದ್ದು ನಡುವಿನದು. ಎಷ್ಟೋ ಮಾದರಿಗಳ ಹೆಸರಿನಲ್ಲೇ ಅದು ಸೇರಿರುತ್ತದೆ. ಫೋಲ್ಕ್ಲ್ ಕೆಂಡೊ 88, ನಾರ್ಡಿಕಾ ಎನ್‌ಫೋರ್ಸರ್ 94, ಹೆಡ್ ಕೋರ್ 93 ಇವುಗಳಲ್ಲಿರುವ ಅಂಕಿ ನಡುವಿನ ಅಗಲವೇ. ನಡು ಕಿರಿದಿದ್ದರೆ ಸ್ಕೀ ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಗ ಹೊರಳುತ್ತದೆ, ಗಟ್ಟಿ ಹಿಮ ಕಚ್ಚುತ್ತದೆ. ಅಗಲವಿದ್ದರೆ ಮೆತ್ತನೆಯ ಹಿಮದಲ್ಲಿ ಮುಳುಗದೆ ತೇಲುತ್ತದೆ, ಕೆದರಿದ ಹಿಮದಲ್ಲಿ ಕಡಿಮೆ ಎಡವುತ್ತದೆ. ಆದರೆ ಗಟ್ಟಿ ಇಳಿಜಾರಿನಲ್ಲಿ ಅಗಲದ ಸ್ಕೀಯನ್ನು ಅಂಚಿನ ಮೇಲೆ ನಿಲ್ಲಿಸಲು ಕಣಕಾಲು, ಮೊಣಕಾಲು ಹೆಚ್ಚು ದುಡಿಯಬೇಕು, ಮಧ್ಯಾಹ್ನದ ಹೊತ್ತಿಗೆ ಅದು ಗೊತ್ತಾಗುತ್ತದೆ.

ಯಾವ ಅಗಲ ಎಂಬುದನ್ನು ಹೇಳುವುದು ನಿಮ್ಮ ಬೆಟ್ಟ. ಪೂರ್ವ ಕರಾವಳಿಯ ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್ ಕಡೆ ಮಳೆ ಬಿದ್ದು ಹೆಪ್ಪುಗಟ್ಟಿ ಇಳಿಜಾರು ಗಾಜಿನಷ್ಟು ಗಟ್ಟಿಯಾಗುವ ದಿನಗಳು ಬಹಳ. ನ್ಯೂಜೆರ್ಸಿಯಿಂದ, ಬಾಸ್ಟನ್ನಿನಿಂದ ಕಿಲಿಂಗ್ಟನ್, ಸ್ಟೋ ಕಡೆ ಹೋಗುವವರಿಗೆ 78ರಿಂದ 88ರೊಳಗೆ ಸಾಕು. ಯೂಟಾ, ಕೊಲರಾಡೊ ಸಮುದ್ರದಿಂದ ದೂರ. ಅಲ್ಲಿ ಬೀಳುವುದು ಒಣ, ಹಗುರ ಹಿಮ. ಸಾಲ್ಟ್ ಲೇಕ್ ಸಿಟಿಯಲ್ಲಿದ್ದು ಆಲ್ಟಾ, ಸ್ನೋಬರ್ಡ್‌ಗಳಿಗೆ ಹೋಗುವವರು 95-100ರ ಸ್ಕೀಯನ್ನು ಚೆನ್ನಾಗಿ ಬಳಸಿಕೊಳ್ಳಬಲ್ಲರು. ಡೆನ್ವರಿನವರು ಕೀಸ್ಟೋನ್, ಬ್ರೆಕೆನ್‌ರಿಜ್‌ಗಳ ಸಮ ಮಾಡಿದ ಇಳಿಜಾರಲ್ಲೇ ಹೆಚ್ಚು ಇರುವುದಾದರೆ 86-92 ಸಾಕು.

ಟಾಹೊ ಇವೆಲ್ಲಕ್ಕಿಂತ ಬೇರೆ. ಶಾಂತ ಸಾಗರದಿಂದ ಬರುವ ಬಿರುಗಾಳಿ ಒಂದೇ ಸಲಕ್ಕೆ ಅಡಿಗಟ್ಟಲೆ ಹಿಮ ಸುರಿದು ಹೋಗುತ್ತದೆ, ಆದರೆ ಅದರಲ್ಲಿ ನೀರಿನಂಶ ಹೆಚ್ಚು, ತೂಕ ಹೆಚ್ಚು. ಅದನ್ನು ‘ಸಿಯೆರಾ ಸಿಮೆಂಟ್’ ಎಂದು ಅಲ್ಲಿಯವರು ಕರೆಯುತ್ತಾರೆ. ಬಿರುಗಾಳಿ ಹೋದ ಮೇಲೆ ದಿನಗಟ್ಟಲೆ ನೀಲಿ ಆಕಾಶ. ರಾತ್ರಿ ಹೆಪ್ಪು, ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಕೆಸರಿನಂತೆ ಮೆತು. ಮಾರ್ಚ್, ಏಪ್ರಿಲ್‌ಗಳಲ್ಲಿ ಒಂದೇ ದಿನದೊಳಗೆ ಈ ಮೂರೂ ಹದ ಕಾಣಬಹುದು. ಬೆಳಗಿನ ಗಟ್ಟಿಗೆ ಅಂಚು ಹಿಡಿಯಬೇಕು, ಮಧ್ಯಾಹ್ನದ ಭಾರದ ಹಿಮಕ್ಕೆ ಮೂತಿ ಸಿಕ್ಕಿಕೊಳ್ಳಬಾರದು. ಅದಕ್ಕೇ ಇಲ್ಲಿ ಮೊದಲ ಜೋಡಿಗೆ 88ರಿಂದ 95ರ ನಡುವಿನ ಅಗಲವನ್ನೇ ನಾನು ಹೇಳುವುದು. ಹೆವೆನ್ಲಿ, ನಾರ್ತ್‌ಸ್ಟಾರ್‌ಗಳ ಉದ್ದುದ್ದ ನೀಲಿ ಇಳಿಜಾರುಗಳೇ ನಿಮ್ಮ ಮನೆಯಾದರೆ ಕೆಳಗಿನ ಅಂಕಿ; ಕರ್ಕ್‌ವುಡ್, ಪ್ಯಾಲಿಸೇಡ್ಸ್‌ಗಳ ಕಡಿದಾದ ಬದಿಗಳತ್ತ ಹೊರಟಿದ್ದರೆ ಮೇಲಿನದು. 105 ದಾಟಿದ್ದು ಮೊದಲ ಜೋಡಿಯಾಗಿ ಬೇಡವೇ ಬೇಡ. ದೊಡ್ಡ ಹಿಮ ಬಿದ್ದ ದಿನ ಅಂಥದ್ದನ್ನು ಬಾಡಿಗೆಗೆ ತಂದರಾಯಿತು.

ಅಗಲದ ಆ ಮೂರು ಸಂಖ್ಯೆಗಳ ಪಕ್ಕದಲ್ಲಿ ಮೀಟರಿನಲ್ಲಿ ಇನ್ನೊಂದಿರುತ್ತದೆ, ತಿರುವಿನ ತ್ರಿಜ್ಯ. 13-14 ಮೀಟರಿನದು ಚುರುಕಾಗಿ ಸಣ್ಣ ತಿರುವು ತೆಗೆದುಕೊಳ್ಳುತ್ತದೆ, 19-20ರದ್ದು ವೇಗವಾಗಿ ಉದ್ದ ತಿರುವಿಗೆ. ಮೊದಲ ಜೋಡಿಗೆ 15ರಿಂದ 17 ಒಳ್ಳೆಯದು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಬದಿಯಿಂದ ನೋಡಿದಾಗ ಕಾಣುವ ಬಾಗು ಮಾತ್ರ ಗಮನಿಸಲೇಬೇಕಾದದ್ದು. ಜೋಡಿಯ ಎರಡೂ ತಳಗಳನ್ನು ಒಂದಕ್ಕೊಂದು ಮುಖ ಮಾಡಿಸಿ ಹಿಡಿಯಿರಿ. ನಡುವೆ ಬೆಳಕು ತೂರುವಷ್ಟು ಸಂದು ಕಂಡರೆ ಅದು ಕ್ಯಾಂಬರ್. ನಿಮ್ಮ ಭಾರ ಬಿದ್ದಾಗ ಆ ಬಿಲ್ಲು ಚಪ್ಪಟೆಯಾಗಿ ಅಂಚಿನ ಉದ್ದಕ್ಕೂ ಒತ್ತಡ ಹಂಚುತ್ತದೆ, ಗಟ್ಟಿ ಹಿಮದ ಹಿಡಿತ ಬರುವುದು ಇದರಿಂದ. ಮುಂತುದಿ ಬರುವುದಕ್ಕಿಂತ ಬಹಳ ಮೊದಲೇ ಎರಡೂ ತಳಗಳು ಒಂದರಿಂದೊಂದು ದೂರ ಬಾಗಿದ್ದರೆ ಅದು ರಾಕರ್. ಮೂತಿ ಹಿಮದೊಳಗೆ ಹೂತುಕೊಳ್ಳದಂತೆ, ತಿರುವು ಸಲೀಸಾಗಿ ಆರಂಭವಾಗುವಂತೆ ಅದು ನೋಡಿಕೊಳ್ಳುತ್ತದೆ.

ಸ್ಕೀ ಇಂದಿನ ರೂಪಕ್ಕೆ ಬಂದದ್ದರ ಹಿಂದೆ ಸಣ್ಣ ಚರಿತ್ರೆಯಿದೆ. 1980ರ ದಶಕದವರೆಗೆ ಸ್ಕೀಗಳು ಬಹುತೇಕ ನೇರವಾಗಿದ್ದು, ಎರಡು ಮೀಟರ್ ಉದ್ದದವು ಮಾಮೂಲಾಗಿದ್ದವು. 1990ರ ದಶಕದ ಆರಂಭದಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ತಂದ ಎಸ್‌ಸಿಎಕ್ಸ್ ಎಂಬ, ತುದಿಗಳಿಗಿಂತ ನಡು ಬಹಳ ಕಿರಿದಾದ ಸ್ಕೀ, ಅಂಚಿನ ಮೇಲೆ ವಾಲಿದರೆ ತಾನಾಗಿ ತಿರುಗುವಂತಿತ್ತು. ಕೆಲವೇ ವರ್ಷಗಳಲ್ಲಿ ನೇರ ಸ್ಕೀಗಳು ಅಂಗಡಿಗಳಿಂದ ಮಾಯವಾದವು. ಆಳ ಹಿಮದಲ್ಲಿ ತುದಿಗಳು ಮೇಲೆ ಬಾಗಿರಬೇಕೆಂಬ ವಿಚಾರವನ್ನು ಮುಂದೊತ್ತಿದವರು ಸ್ಕೀಯರ್ ಷೇನ್ ಮೆಕಾಂಕಿ. ಟಾಹೊದ ಪ್ಯಾಲಿಸೇಡ್ಸನ್ನೇ, ಆಗಿನ ಸ್ಕ್ವಾ ವ್ಯಾಲಿಯನ್ನೇ, ತಮ್ಮ ಬೆಟ್ಟವಾಗಿಸಿಕೊಂಡಿದ್ದ ಅವರು ವೊಲಾಂಟ್ ಕಂಪನಿಯ ಜೊತೆ 2000ದ ದಶಕದ ಆರಂಭದಲ್ಲಿ ಸ್ಪ್ಯಾಚುಲಾ ಎಂಬ ಸ್ಕೀ ತಂದರು. ಇಂದಿನ ಆಲ್-ಮೌಂಟನ್ ಸ್ಕೀ ಈ ಎರಡೂ ಪ್ರಯೋಗಗಳ ಫಲ. ಮುಂತುದಿಯಲ್ಲಿ ರಾಕರ್, ಬೂಟಿನ ಕೆಳಗೆ ಕ್ಯಾಂಬರ್, ಹಿಂತುದಿಯಲ್ಲಿ ಅತಿ ಕಡಿಮೆ ರಾಕರ್. ಮೊದಲ ಜೋಡಿಗೆ ಕೇಳಬೇಕಾದ ಬಾಗು ಇದೇ.

ಉದ್ದದ ವಿಷಯದಲ್ಲಿ ಹಳೆಯ ನಿಯಮ ಇನ್ನೂ ಕೆಲಸ ಮಾಡುತ್ತದೆ: ನಿಲ್ಲಿಸಿದಾಗ ಗಲ್ಲದಿಂದ ನೆತ್ತಿಯ ನಡುವೆ ಎಲ್ಲೋ ತುದಿ ಬರಬೇಕು. ಎಲ್ಲಿ ಎಂಬುದನ್ನು ನಿಮ್ಮ ಮೈಭಾರ, ವೇಗ, ರಾಕರ್ ಹೇಳುತ್ತವೆ. 172 ಸೆಂ.ಮೀ. ಎತ್ತರ, 75 ಕಿಲೊ ತೂಕದ ನಡುಮಟ್ಟದವರಿಗೆ 168ರಿಂದ 172. 158 ಸೆಂ.ಮೀ., 55 ಕಿಲೊದವರಿಗೆ 150ರಿಂದ 157. ರಾಕರ್ ಹೆಚ್ಚಿದ್ದಷ್ಟೂ ಗಟ್ಟಿ ಹಿಮ ಮುಟ್ಟುವ ಅಂಚು ಕಡಿಮೆಯಾಗುವುದರಿಂದ ಒಂದು ಅಳತೆ ಮೇಲೆ ಹೋಗಬಹುದು. ಎರಡು ಅಳತೆಯ ನಡುವೆ ಸಿಕ್ಕಿಕೊಂಡರೆ, ಮರಗಳ ನಡುವೆ ನಿಧಾನ ಹೋಗುವವರು ಚಿಕ್ಕದು, ತೆರೆದ ಇಳಿಜಾರಲ್ಲಿ ವೇಗ ಇಷ್ಟಪಡುವವರು ಉದ್ದದ್ದು ತೆಗೆದುಕೊಳ್ಳಲಿ. ಬಾಡಿಗೆಯಲ್ಲಿ ಕೊಟ್ಟ ಗಿಡ್ಡ ಸ್ಕೀಗೆ ಒಗ್ಗಿದವರಿಗೆ ಮೊದಲು ಇವು ಉದ್ದ ಅನ್ನಿಸುವುದು ಸಹಜ.

ಒಳಗಿನ ರಚನೆಗೆ ಬಂದರೆ, ಹೆಚ್ಚಿನ ಒಳ್ಳೆಯ ಸ್ಕೀಗಳ ಗರ್ಭ ಮರದ್ದು: ಪಾಪ್ಲರ್, ಬೀಚ್, ಆ್ಯಷ್, ಹಗುರ ಬೇಕಾದಾಗ ಪಾಲೋನಿಯ. ಅದರ ಮೇಲೂ ಕೆಳಗೂ ಫೈಬರ್‌ಗ್ಲಾಸ್. ಆಮೇಲೆ ಬರುವ ಪ್ರಶ್ನೆ, ಲೋಹ ಬೇಕೇ ಬೇಡವೇ. ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆ ಸೇರಿದ ಸ್ಕೀ ವೇಗದಲ್ಲಿ ಅದುರುವುದಿಲ್ಲ, ಉಂಡೆಗಟ್ಟಿದ ಹಿಮವನ್ನು ಸೀಳಿಕೊಂಡು ಹೋಗುತ್ತದೆ. ಬದಲಿಗೆ ತೂಕ ಹೆಚ್ಚು, ಬೆಲೆ ಹೆಚ್ಚು, ನಿಧಾನ ಹೋಗುವಾಗ ಮಣಿಸುವುದು ಕಷ್ಟ. ಎನ್‌ಫೋರ್ಸರ್, ಕೆಂಡೊ, ಬ್ಲಿಜಾರ್ಡ್ ಬ್ರಾಹ್ಮಾ ಈ ಜಾತಿಯವು. ಮೈಯಲ್ಲಿ ತೂಕವಿದ್ದು, ತಂತ್ರ ತಕ್ಕಮಟ್ಟಿಗೆ ಕೂತಿರುವವರಿಗೆ ಇವು ಬಹಳ ವರ್ಷ ಜೊತೆ ಕೊಡುತ್ತವೆ. ಹಗುರ ಮೈಯವರಿಗೆ, ಇನ್ನೂ ಕಲಿಯುತ್ತಿರುವವರಿಗೆ ಎಲಾನ್ ರಿಪ್‌ಸ್ಟಿಕ್ 88, ಸಾಲೊಮನ್ ಕ್ಯೂಎಸ್‌ಟಿ 92ರಂಥ, ಲೋಹದ ಪೂರ್ತಿ ಹಾಳೆಯಿಲ್ಲದವು ತಪ್ಪನ್ನು ಹೆಚ್ಚು ಕ್ಷಮಿಸುತ್ತವೆ. ಮೊದಲ ಜೋಡಿಯಲ್ಲಿ ಆ ಕ್ಷಮೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ದಣಿದ ಮಧ್ಯಾಹ್ನ, ತೂಕ ಹಿಂದಕ್ಕೆ ಬಿದ್ದಾಗ, ಬಿಗಿ ಹಿಂತುದಿಯ ಸ್ಕೀ ಆಳನ್ನೇ ಎಳೆದುಕೊಂಡು ಹೋಗುತ್ತದೆ.

ಹೆಂಗಸರ ಸ್ಕೀ ಎಂದು ಪ್ರತ್ಯೇಕವಾಗಿ ಮಾರುವವು ಸಾಮಾನ್ಯವಾಗಿ ಹಗುರ, ತುಸು ಮೆತು, ಗಿಡ್ಡ ಅಳತೆಗಳಲ್ಲೂ ಸಿಗುವಂಥವು. ಬ್ಲಿಜಾರ್ಡಿನ ಬ್ಲ್ಯಾಕ್ ಪರ್ಲ್ 88 ಇವುಗಳಲ್ಲಿ ವರ್ಷಗಳಿಂದ ಹೆಸರು ಮಾಡಿದ್ದು. ಎತ್ತರ, ತೂಕ, ವೇಗ ಇರುವ ಹೆಂಗಸರು ಗಂಡಸರ ಸಾಲಿನಿಂದ ತೆಗೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಬೈಂಡಿಂಗ್ ವಿಷಯದಲ್ಲಿ ದುಡ್ಡು ಉಳಿಸುವ ಯೋಚನೆ ಬಿಡಿ. ಬೂಟನ್ನು ಸ್ಕೀಗೆ ಹಿಡಿದಿಡುವುದೂ, ಬಿದ್ದಾಗ ಕಾಲು ಮುರಿಯುವ ಮೊದಲು ಬಿಟ್ಟುಕೊಡುವುದೂ ಅದರ ಕೆಲಸ. ಎಷ್ಟು ಬಲಕ್ಕೆ ಬಿಡಬೇಕು ಎಂಬ ಸಂಖ್ಯೆಯನ್ನು ಡಿನ್ ಅನ್ನುತ್ತಾರೆ. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನೀವು ಎಷ್ಟು ಬಿರುಸಾಗಿ ಹೋಗುವವರು ಎಂಬುದು ಸೇರಿ ಆ ಸಂಖ್ಯೆ ಬರುತ್ತದೆ. ಐವತ್ತು ತುಂಬಿದವರಿಗೆ ಒಂದು ಮೆಟ್ಟಿಲು ಇಳಿಸುತ್ತಾರೆ. ಅಂಗಡಿಯಲ್ಲಿ ತೂಕ ಕಡಿಮೆ ಹೇಳುವುದು, ನಾನು ಬಹಳ ವೇಗದವನು ಎನ್ನುವುದು ಎರಡೂ ಅಪಾಯ: ಮೊದಲನೆಯದರಿಂದ ಬೇಡದಾಗ ಕಳಚುತ್ತದೆ, ಎರಡನೆಯದರಿಂದ ಬೇಕಾದಾಗ ಕಳಚುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದು ಮನೆಯಲ್ಲಿ ತಿರುಗಿಸುವ ಕೆಲಸವಲ್ಲ ಇದು. ತರಬೇತಾದ ತಂತ್ರಜ್ಞರು ಕೂರಿಸಿ, ನಿಮ್ಮ ಬೂಟನ್ನೇ ಇಟ್ಟು ಪರೀಕ್ಷಿಸಿ ಕೊಡಬೇಕು.

ಕೊಳ್ಳುವಾಗ ಮೂರು ಹೊಂದಾಣಿಕೆ ನೋಡಿ. ನಿಮ್ಮ ಸಂಖ್ಯೆ ಬೈಂಡಿಂಗಿನ ವ್ಯಾಪ್ತಿಯ ನಡುವೆ ಬೀಳಲಿ. 6 ಬೇಕಾದವರಿಗೆ 3ರಿಂದ 10ರದ್ದು ಸರಿ. ಬೈಂಡಿಂಗಿಗೆ ಸೇರಿದ ಬ್ರೇಕಿನ ಅಗಲ ಸ್ಕೀಯ ನಡುವಿಗೆ ಸಮ ಅಥವಾ ಹತ್ತು ಹದಿನೈದು ಮಿಲಿಮೀಟರ್ ಹೆಚ್ಚಿರಲಿ. ತೀರ ಅಗಲವಾದದ್ದು ತಿರುವಿನಲ್ಲಿ ಹಿಮಕ್ಕೆ ತಾಗುತ್ತದೆ. ಇನ್ನು, ಈಗಿನ ಅನೇಕ ಬೂಟುಗಳಿಗೆ ನಡೆಯಲು ಅನುಕೂಲವಾದ ಗ್ರಿಪ್‌ವಾಕ್ ಅಡಿ ಇರುತ್ತದೆ. ಹಳೆಯ ಬೈಂಡಿಂಗುಗಳಿಗೆ ಅದು ಹೊಂದುವುದಿಲ್ಲ.

ಬೆಲೆಯ ಅಂದಾಜು ಹೀಗೆ: ಹೊಸ ಬೂಟು ನಾನೂರರಿಂದ ಏಳುನೂರು ಡಾಲರ್, ಸ್ಕೀ ಐನೂರರಿಂದ ಎಂಟುನೂರು, ಬೈಂಡಿಂಗ್ ಇನ್ನೂರರಿಂದ ಮುನ್ನೂರೈವತ್ತು, ಕೂರಿಸುವ ಕೂಲಿ ಬೇರೆ. ಇದನ್ನು ಇಳಿಸಲು ಕಾಲ ನೋಡಿ ಕೊಳ್ಳಬೇಕು. ಮಾರ್ಚ್ ಕೊನೆಯಿಂದ ಅಂಗಡಿಗಳು ಆ ವರ್ಷದ ಮಾಲು ಖಾಲಿ ಮಾಡುತ್ತವೆ. ಎಷ್ಟೋ ಮಾದರಿಗಳು ಎರಡು ಮೂರು ವರ್ಷ ಬಣ್ಣ ಬಿಟ್ಟರೆ ಹಾಗೇ ಇರುತ್ತವೆ. ಹೋದ ವರ್ಷದ್ದನ್ನು ಶೇಕಡ ಮೂವತ್ತು ನಲವತ್ತು ಕಡಿಮೆಗೆ ತಂದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅಕ್ಟೋಬರ್, ನವೆಂಬರ್‌ಗಳಲ್ಲಿ ಊರೂರಿನ ಸ್ಕೀ ಸ್ವಾಪ್ ಸಂತೆಗಳಲ್ಲಿ ಹಳೆಯವು ಸಿಗುತ್ತವೆ.

ಹಳೆಯದನ್ನು ನೋಡುವಾಗ ಬೆರಳು, ಕಣ್ಣು ಎರಡೂ ಬಳಸಿ. ಉಕ್ಕಿನ ಅಂಚಿನ ಉದ್ದಕ್ಕೂ ಎಚ್ಚರದಿಂದ ಉಗುರು ಓಡಿಸಿದರೆ ಬಿರುಕು, ಕಿತ್ತ ಜಾಗ ಸಿಗುತ್ತದೆ. ಅಂಚು ತೆಳ್ಳಗಾಗಿದ್ದರೆ ಎಷ್ಟೋ ಸಲ ಸಾಣೆ ಹಿಡಿದಾಗಿದೆ ಎಂದರ್ಥ. ತಳದಲ್ಲಿ ಗೀರುಗಳಿದ್ದರೆ ಚಿಂತೆಯಿಲ್ಲ, ಕರಿ ತಳ ಕಿತ್ತು ಒಳಗಿನ ಪದರ ಕಾಣುತ್ತಿದ್ದರೆ ಬೇಡ. ಬದಿಯಲ್ಲಿ ಪದರ ಬಾಯಿಬಿಟ್ಟಿದೆಯೇ ನೋಡಿ. ಮುಚ್ಚಿದ ಹಳೆಯ ತೂತುಗಳನ್ನು ಎಣಿಸಿ, ಎರಡು ಸಲಕ್ಕಿಂತ ಹೆಚ್ಚು ಬೈಂಡಿಂಗ್ ಕೂರಿಸಿದ್ದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ತಯಾರಕರು ಇನ್ನೂ ಹೊಣೆ ಹೊರುವ ಬೈಂಡಿಂಗುಗಳ ಪಟ್ಟಿ ಇರುತ್ತದೆ. ಅದರಲ್ಲಿಲ್ಲದ ಹಳೆಯದನ್ನು ಅಂಗಡಿಯವರು ಮುಟ್ಟುವುದೇ ಇಲ್ಲ. ಐವತ್ತು ಡಾಲರಿಗೆ ಸಿಕ್ಕ ಜೋಡಿಗೆ ಹೊಸ ಬೈಂಡಿಂಗ್ ಹಾಕಬೇಕಾದರೆ ಅಗ್ಗ ಎಲ್ಲಿ ಉಳಿಯಿತು? ಬೂಟನ್ನಂತೂ ಹಳೆಯದು ಕೊಳ್ಳಬೇಡಿ. ಅದರ ಮೆತ್ತೆ ಬೇರೊಬ್ಬರ ಪಾದದ ಆಕಾರ ಪಡೆದಾಗಿರುತ್ತದೆ.

ಸಾಧ್ಯವಾದರೆ ಕೊಳ್ಳುವ ಮೊದಲು ಡೆಮೊ ತೆಗೆದುಕೊಳ್ಳಿ. ಬೆಟ್ಟದ ತಪ್ಪಲಿನ ಹಲವು ಅಂಗಡಿಗಳು ಒಂದು ದಿನಕ್ಕೆ ಶುಲ್ಕ ತೆಗೆದುಕೊಂಡು ಎರಡು ಮೂರು ಮಾದರಿ ಬದಲಿಸಿಕೊಳ್ಳಲು ಬಿಡುತ್ತವೆ, ಆಮೇಲೆ ಕೊಂಡರೆ ಆ ಹಣ ಬೆಲೆಯಲ್ಲಿ ವಜಾ ಮಾಡುವುದೂ ಉಂಟು. ಹೋಗುವುದಾದರೆ ಹಿಮ ಸೊಗಸಾಗಿರುವ ದಿನ ಬೇಡ, ಅಂದು ಎಲ್ಲವೂ ಚೆನ್ನಾಗಿಯೇ ಜಾರುತ್ತವೆ. ಮಾಮೂಲಿ ಶನಿವಾರ ಹೋಗಿ. ಒಂದೇ ಇಳಿಜಾರಿನಲ್ಲಿ, ನಿಮ್ಮದೇ ಬೂಟು ಹಾಕಿಕೊಂಡು, ಒಂದಾದ ಮೇಲೊಂದು ಓಡಿಸಿ. ಬೆಳಗಿನ ಗಟ್ಟಿಯಲ್ಲಿ ಜಾರಿಹೋಯಿತೇ, ನಿಧಾನ ತಿರುವಿಗೆ ಒಪ್ಪಿತೇ, ಮಧ್ಯಾಹ್ನದ ಗುಡ್ಡೆ ಗುಡ್ಡೆ ಹಿಮದಲ್ಲಿ ಮೂತಿ ಎತ್ತೆತ್ತಲೋ ಎಳೆಯಿತೇ ಎಂದು ಲಿಫ್ಟಿನಲ್ಲಿ ಕೂತಾಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಸಂಜೆಗೆ ಎಲ್ಲವೂ ಕಲಸಿಹೋಗುತ್ತವೆ.

ಬೆಂಗಳೂರಿನಿಂದ ಗುಲ್ಮಾರ್ಗಿಗೋ ಔಲಿಗೋ ಹೋಗುವವರಿಗೆ ಲೆಕ್ಕ ಬೇರೆ. ವರ್ಷಕ್ಕೊಂದು ವಾರಕ್ಕಾಗಿ ಉದ್ದದ ಚೀಲ ಹೊತ್ತು ವಿಮಾನ ಬದಲಿಸುವುದಕ್ಕಿಂತ ಅಲ್ಲೇ ಸ್ಕೀ ಬಾಡಿಗೆಗೆ ತೆಗೆದುಕೊಳ್ಳುವುದು ಮೇಲು. ಆದರೆ ಹೊಂದುವ ಬೂಟು ಅಲ್ಲಿ ಸಿಗುವುದು ಅದೃಷ್ಟದ ಮೇಲೆ. ವಿದೇಶಕ್ಕೆ ಹೋದಾಗ ಅಳತೆ ಕೊಟ್ಟು ಒಂದು ಜೋಡಿ ಬೂಟು ತಂದಿಟ್ಟುಕೊಂಡರೆ ಅಲ್ಲೂ ಅದು ದುಡಿಯುತ್ತದೆ. ಬಾಡಿಗೆ ಕೊಡುವವರಿಗೆ ಅದರ ಅಡಿಯ ಮಾದರಿ ತೋರಿಸಿ, ಬೈಂಡಿಂಗ್ ಹೊಂದಿಸಿಕೊಡುವಂತೆ ಕೇಳಿ.

ಕೊಂಡ ಮೇಲಿನ ಕೆಲಸ ಹೆಚ್ಚಿಲ್ಲ. ಪ್ರತಿ ದಿನದ ಕೊನೆಗೆ ಅಂಚನ್ನು ಬಟ್ಟೆಯಿಂದ ಒರೆಸಿ, ಇಲ್ಲವಾದರೆ ರಾತ್ರಿಯೊಳಗೆ ತುಕ್ಕು. ಒದ್ದೆ ಸ್ಕೀಯನ್ನು ಚೀಲದೊಳಗೆ ಮುಚ್ಚಿಡಬೇಡಿ. ತಳ ಬಿಳಿಚಿದಂತೆ ಒಣಗಿ ಕಂಡರೆ ಮೇಣ ಹಾಕಿಸುವ ಹೊತ್ತು. ಋತು ಮುಗಿದಾಗ ಅಂಚು ಹರಿತ ಮಾಡಿಸಿ, ದಪ್ಪಗೆ ಮೇಣ ಬಳಿದು ಕೆರೆಯದೆ ಹಾಗೇ ಬಿಟ್ಟು ತಂಪು ಜಾಗದಲ್ಲಿಡಿ. ಬೂಟಿನ ಬಕಲ್ ಹಾಕಿಯೇ ಇಡಿ, ಚಿಪ್ಪಿನ ಆಕಾರ ಕೆಡುವುದಿಲ್ಲ. ಚಳಿಗಾಲಕ್ಕೆ ಮುಂಚೆ ಬೈಂಡಿಂಗನ್ನು ಮತ್ತೆ ಪರೀಕ್ಷೆಗೆ ಕೊಡಿ. ನಡುವೆ ತೂಕ ಏರಿಳಿದಿದ್ದರೆ, ಬೂಟು ಬದಲಿಸಿದ್ದರೆ, ವಯಸ್ಸು ಐವತ್ತು ದಾಟಿದ್ದರೆ ಅದನ್ನು ಅಂಗಡಿಯವರು ಕೇಳುವ ಮೊದಲೇ ಹೇಳಿ.